ಎದ್ದು ನಡೆದವರು ಸಂಜೆ ಫೋನ್ ಮಾಡಿದರು

ಮಂಗಳೂರಿನ ಆಸ್ಪತ್ರೆಯೊಂದರ ಪೇನ್ ಕ್ಲಿನಿಕ್‌ನಲ್ಲಿ ನಾನು ನರ್ಸ್. ಸೇರಿದ ಹೊಸತರಲ್ಲಿ ಬಂಟ್ವಾಳ ಕಡೆಯ ಬೀಡಿ ಕಟ್ಟುವ ಅಕ್ಕ ಒಬ್ಬರು ಬಂದರು. ಮಡಿಲಲ್ಲಿ ಗೆರಸೆ ಇಟ್ಟು, ಬಗ್ಗಿ ಕೂತೇ ವಯಸ್ಸಾದವರು. ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಕರೆಂಟ್ ಹೊಡೆದ ಹಾಗೆ ನೋವು. ಬೆನ್ನೆಲುಬಿನ ಕೆಳಭಾಗದ ಎಲ್‌4-ಎಲ್‌5 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರದ ಬುಡವನ್ನು ಒತ್ತುತ್ತಿತ್ತು. ಮೂರು ತಿಂಗಳ ಮಾತ್ರೆಗೂ ಫಿಸಿಯೋಥೆರಪಿಗೂ ಬಗ್ಗದ್ದಕ್ಕೆ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಹೇಳಿದ್ದರು.

ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತಾ ಸೂಜಿ ಇಳಿಸುತ್ತಾರೆ. ಮೊದಲು ಎಕ್ಸ್‌ರೇಯಲ್ಲಿ ಎದ್ದು ಕಾಣುವ ಡೈ, ಅದು ನರದ ಗುಂಟ ಹರಿದದ್ದು ಪರದೆಯಲ್ಲಿ ಕಂಡ ಮೇಲೆಯೇ ಔಷಧಿ. ಅರ್ಧ ಗಂಟೆ ಕಳೆದು ಅಕ್ಕ ಎದ್ದು ನಡೆದರು, ಬಗ್ಗಿ ಚಪ್ಪಲಿಯನ್ನೂ ಸರಿಮಾಡಿಕೊಂಡರು.

"ನೋವೇ ಇಲ್ಲ ಸಿಸ್ಟರ್!"

"ಇನ್ನು ಆರಾಮ, ಹೋಗಿ ಬನ್ನಿ" ಎಂದೆ. ನಾನು ಎಡವಿದ್ದು ಅಲ್ಲೇ.

ಸಂಜೆ ಫೋನ್. "ಬಸ್ಸಿಳಿಯುವಾಗಲೇ ಶುರುವಾಯ್ತು. ನಿಮ್ಮ ಇಂಜೆಕ್ಷನ್ ದಂಡ ಆಯ್ತಲ್ಲ ಮಾರ್ರೆ."

ದಂಡ ಆಗಿರಲಿಲ್ಲ. ಸಿರಿಂಜಿನಲ್ಲಿ ಇದ್ದದ್ದು ಎರಡು ಔಷಧಿ. ಲಿಗ್ನೋಕೇನ್ ಕೂಡಲೇ ಮರಗಟ್ಟಿಸಿ ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಸ್ಟೀರಾಯ್ಡ್ ನಿಧಾನ, ನರದ ಸುತ್ತಲಿನ ಉರಿಯೂತ ತಗ್ಗಲು ಎರಡು ದಿನದಿಂದ ಒಂದು ವಾರ ಬೇಕು. ನಡುವೆ ನೋವು ವಾಪಸ್ ಬರುವುದು ಮಾಮೂಲು. ಮೊದಲಿಗೆ ನೋವು ಪೂರ್ತಿ ಹೋದದ್ದು, ಸೂಜಿ ಸರಿಯಾದ ನರಕ್ಕೇ ತಲುಪಿದೆ ಎನ್ನಲು ಒಳ್ಳೆಯ ಸುಳಿವು. ಆದರೆ ಇದನ್ನೆಲ್ಲ ಸಂಜೆ ಫೋನಿನಲ್ಲಿ ಹೇಳಿದರೆ ಯಾರಿಗಾದರೂ ಸಬೂಬಿನ ಹಾಗೆಯೇ ಕೇಳುತ್ತದೆ.

ಮೂರನೇ ದಿನ ಮತ್ತೆ ಫೋನ್. ಬಾಯಿ ಒಣಗುತ್ತದೆ, ರಾತ್ರಿಯಿಡೀ ಮೂತ್ರಕ್ಕೆ ಏಳಬೇಕು. ಗ್ಲುಕೋಮೀಟರಿನಲ್ಲಿ 340. ಸಕ್ಕರೆ ಕಾಯಿಲೆ ಇದ್ದದ್ದು ಕೇಸ್ ಶೀಟಿನಲ್ಲೇ ಬರೆದಿತ್ತು. "ಸ್ಟೀರಾಯ್ಡಿನಿಂದ ಸ್ವಲ್ಪ ಶುಗರ್ ಏರಬಹುದು" ಎಂದು ನಾನು ಹೇಳಿದ್ದೂ ಹೌದು. ಅಕ್ಕ ಅದನ್ನು ಚಾಕ್ಕೆ ಸಕ್ಕರೆ ಬೇಡ ಎಂದು ತಿಳಿದಿದ್ದರು. ಡಾಕ್ಟರು ಮಾತ್ರೆ ಬದಲಿಸಿ ಕೊಟ್ಟು, ವಾರದಲ್ಲಿ ಇಳಿಯಿತು.

ಈಗ ಮಲಗಿಸುವ ಮೊದಲೇ, ಜೊತೆಗೆ ಬಂದವರನ್ನೂ ಕೂರಿಸಿ ಹೇಳುತ್ತೇನೆ. ಸಂಜೆ ನೋವು ಬರ್ತದೆ, ಹೆದರಬೇಡಿ. ಶುಗರ್ ಇದ್ದರೆ ಒಂದು ವಾರ ದಿನಾ ನೋಡಿ, 250 ದಾಟಿದರೆ ನಮಗೆ ತಿಳಿಸಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿಗೆ ಬಲ ಇಲ್ಲದಾದರೆ ಮಾತ್ರ ಫೋನ್ ಮಾಡುತ್ತಾ ಕೂರಬೇಡಿ, ನೇರ ಕ್ಯಾಜುವಲ್ಟಿಗೆ ಬನ್ನಿ.

ಮೂರು ವಾರ ಬಿಟ್ಟು ಅಕ್ಕ ಬಂದರು. ನೋವು ಅರ್ಧಕ್ಕಿಂತ ಕಡಿಮೆ.

"ಹಾಗಾದರೆ ಡಿಸ್ಕ್ ಒಳಗೆ ಹೋಯ್ತಾ ಸಿಸ್ಟರ್?"

"ಇಲ್ಲ ಅಕ್ಕ, ಇಂಜೆಕ್ಷನ್ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ನರದ ಉರಿ ಇಳಿಸ್ತದೆ ಅಷ್ಟೆ."

"ಅದನ್ನೂ ಮೊದಲೇ ಹೇಳಬಹುದಿತ್ತಲ್ಲ!"