ಯಾವ ಗುಳಿಗೆಗೆ ನಿಮ್ಮ ತಮ್ಮ ಹುಷಾರಾದ?

ತಿಂಗಳಿಗೆ ಒಂದೆರಡು ಸಲವಾದರೂ ಯಾರಾದರೊಬ್ಬರು ಈ ಮಾತು ಕೇಳುತ್ತಾರೆ. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. "ಅಕ್ಕಾ, ನಿಮ್ಮ ತಮ್ಮಗ ಯಾವ ಗುಳಿಗಿ ಕೊಟ್ರಿ? ಹೆಸರೊಂದು ಬರ್ಕೊಡ್ರಿ, ನಮ್ಮ ಹುಡುಗಗೂ ತರ್ತೀವಿ." ಅವರ ಮನೆಯಲ್ಲಿ ಏನು ನಡೆದಿರಬಹುದು ಅಂತ ನನಗೆ ಗೊತ್ತು. ರಾತ್ರಿ ನಿದ್ದೆ ಇರುವುದಿಲ್ಲ, ಬಾಗಿಲಿಗೆ ಒಳಗಿಂದ ಬೀಗ ಹಾಕಿರುತ್ತಾರೆ. ಹಾಗಾಗಿ ಯಾರನ್ನೂ ಬರಿಗೈಯಲ್ಲಿ ಕಳಿಸಲು ಮನಸ್ಸಾಗುವುದಿಲ್ಲ. ಆದರೆ ನಿಂತಲ್ಲೇ ಹೆಸರು ಹೇಳಿ ಕಳಿಸುವುದೂ ತಪ್ಪು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ ಇದೆ. ಕೆಲವು ಕಾಲ ಮನಸ್ಸು ಪೂರ್ತಿ ಕುಸಿದುಬಿಡುತ್ತದೆ. ಸ್ನಾನ ಬೇಡ, ಊಟ ಬೇಡ, ಬದುಕೇ ಬೇಡ ಅನ್ನಿಸುತ್ತದೆ. ಇನ್ನು ಕೆಲವು ಕಾಲ ಅದೇ ಮನಸ್ಸು ಹಿಡಿತ ತಪ್ಪಿ ಏರುತ್ತದೆ. ನಿದ್ದೆ ಇರುವುದಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ನಡುವೆ ತಿಂಗಳುಗಟ್ಟಲೆ ಎಲ್ಲರ ಹಾಗೇ ಇರುತ್ತಾರೆ. ಅದಕ್ಕೇ ಮನೆಯವರಿಗೆ ಇದು ಕಾಯಿಲೆ ಅಂತ ಅನ್ನಿಸುವುದೇ ಇಲ್ಲ.

2016ರಲ್ಲಿ ಅವನಿಗೆ 23 ವರ್ಷ. ಬಳ್ಳಾರಿಯಲ್ಲೇ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ. ಬೇಸಿಗೆ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಅಪ್ಪ ಪರಿಚಯದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಖಿನ್ನತೆ ಅಂದರು, ಅದಕ್ಕೆ ಗುಳಿಗೆ ಕೊಟ್ಟರು. ಮೂರು ವಾರಕ್ಕೆ ಎದ್ದು ಕೂತ, ನಕ್ಕ. ನಾವು ಸಿಹಿ ಹಂಚಿದೆವು.

ಆರನೇ ವಾರಕ್ಕೆ ಅವನು ಮಲಗುವುದನ್ನೇ ಬಿಟ್ಟ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ, ಆದರೂ ದಣಿವಿಲ್ಲ. ಸ್ವಂತ ಘಟಕ ಹಾಕುತ್ತೇನೆ, ಮುಂಬೈಗೆ ಮಾಲು ಕಳಿಸುತ್ತೇನೆ ಅಂದ. ಸಿಕ್ಕವರ ಹತ್ತಿರವೆಲ್ಲ ಕೈಗಡ ತಂದು ಎಂಟು ಹೊಲಿಗೆ ಮೆಷಿನ್‌ಗೆ ಮುಂಗಡ ಕೊಟ್ಟು ಬಂದ. ತಡೆಯಲು ಹೋದ ಅಪ್ಪನ ಮೇಲೆ ಕೈ ಎತ್ತಿದ. ಅಷ್ಟು ಮೆದು ಹುಡುಗ ಅವನು.

ಬೈಪೋಲಾರ್ ಇರುವವರಿಗೆ ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ಮನಸ್ಸು ಹೀಗೆ ಏರಿಬಿಡಬಹುದು ಅಂತ ಗೊತ್ತಾಗಿದ್ದು ಆಸ್ಪತ್ರೆಗೆ ಸೇರಿಸಿದ ಮೇಲೆ. ಮೊದಲ ಸಲ ಕುಸಿತವೇ ಬಂದರೆ ಎಂಥ ಡಾಕ್ಟರಿಗೂ ಅದು ಬರೀ ಖಿನ್ನತೆಯ ಹಾಗೇ ಕಾಣುತ್ತದೆ. ಗೊತ್ತಾಗಲು ಇರುವ ದಾರಿಯೆಂದರೆ ಕೇಳುವುದು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಭಾರೀ ಹುರುಪಿನಲ್ಲಿ ಇದ್ದನಾ? ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಈ ಎರಡನೇ ಪ್ರಶ್ನೆಯನ್ನು ನೆನಪಿಡಿ. ನಮ್ಮ ಮನೆಯ ಕಥೆ ಇರುವುದು ಅದರಲ್ಲೇ.

ಆಸ್ಪತ್ರೆಯಲ್ಲಿ ಒಲಾಂಜಪೈನ್ ಮತ್ತು ವಾಲ್‌ಪ್ರೋಯೇಟ್ ಶುರು ಮಾಡಿದರು. ಮೂರು ವಾರಕ್ಕೆ ಹತೋಟಿಗೆ ಬಂದ. ಆ ಔಷಧಿಗಳು ಅವತ್ತು ಅವನನ್ನು ಉಳಿಸಿದವು, ಅದನ್ನು ಮರೆಯುವುದಿಲ್ಲ. ಆದರೆ ಎಂಟು ತಿಂಗಳಲ್ಲಿ 14 ಕಿಲೋ ತೂಕ ಏರಿತು. ರಕ್ತದಲ್ಲಿ ಸಕ್ಕರೆಯೂ ಗಡಿ ಮುಟ್ಟಿತು. ಬೆಳಿಗ್ಗೆ ಹನ್ನೊಂದಾದರೂ ಏಳಲು ಆಗುತ್ತಿರಲಿಲ್ಲ. ಕೆಲಸದ ಕಡೆ "ದಪ್ಪಗಾಗಿ ಮೈಗಳ್ಳ ಆಗ್ಯಾನ" ಅಂದರು. ಯಾರಿಗೂ ಹೇಳದೆ ಗುಳಿಗೆ ಬಿಟ್ಟ. 2018ರ ಮಾರ್ಚಿನಲ್ಲಿ ಮತ್ತೆ ಏರಿತು, ಮತ್ತೆ ಆಸ್ಪತ್ರೆ. ಆಮೇಲೆ ಕ್ವೆಟಿಯಾಪೈನ್ ಬಂತು, ಜೊತೆಗೆ ಇನ್ನೊಂದು. ಏರುವುದು ನಿಂತಿತು, ಆದರೆ ಹುಡುಗ ಮಂಕಾಗಿಯೇ ಉಳಿದ.

ಆ ಎರಡು ವರ್ಷದಲ್ಲಿ ನಾವೂ ನೀವು ಕೇಳುವ ಹಾಗೇ ಎಲ್ಲರನ್ನೂ ಕೇಳುತ್ತಿದ್ದೆವು. ನಿಮ್ಮವರಿಗೆ ಯಾವುದು ಹಿಡಿಸಿತು? ಯಾವ ಊರು, ಯಾವ ಡಾಕ್ಟರು? ಪ್ರತಿ ಸಲ ಡಾಕ್ಟರು ನಮ್ಮನ್ನು ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತಾ?" ಪ್ರತಿ ಸಲ ಅಮ್ಮ, "ಇಲ್ರೀ, ನಮ್ಮ ಮನಿತನದಾಗ ಯಾರಿಗೂ ಇಲ್ಲ" ಅಂದಳು. ನಾನೂ ಪಕ್ಕದಲ್ಲಿ ಕೂತು ತಲೆ ಆಡಿಸಿದೆ. ನನಗೂ ಗೊತ್ತಿರಲಿಲ್ಲ.

2019ರ ದೀಪಾವಳಿಗೆ ಸಿರುಗುಪ್ಪ ಕಡೆಯ ಹಳ್ಳಿಯಿಂದ ಅತ್ತೆ ಬಂದಿದ್ದರು. ಅಮ್ಮನ ಅಣ್ಣನ ಹೆಂಡತಿ. ಮಾಮ ತೀರಿಕೊಂಡು ಹತ್ತು ವರ್ಷವಾಗಿತ್ತು, ಹೃದಯಾಘಾತ. ತಮ್ಮ ಊಟಕ್ಕೆ ಕೂತಿದ್ದನ್ನು ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಬಂದು ಅಮ್ಮನಿಗೆ ಹೇಳಿದರು: "ನಿಮ್ಮ ಅಣ್ಣಗ ಕೊಡ್ತಿದ್ದ ಗುಳಿಗಿನಾ ಇವನಿಗೆ ಕೇಳೀರೇನು?"

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.

ಮಾಮ ದಿನಾ ಗುಳಿಗೆ ನುಂಗುವುದನ್ನು ಚಿಕ್ಕವರಿದ್ದಾಗ ನಾವೇ ನೋಡಿದ್ದೆವು. ಬಿಪಿ ಗುಳಿಗೆ ಅಂತ ಹೇಳಿದ್ದರು. ಅದು ಲಿಥಿಯಂ, ಬೈಪೋಲಾರ್‌ಗೆ ಕೊಡುವ ಔಷಧಿ. 1987ರಲ್ಲಿ ಮಾಮ ಮೂರು ವಾರ ನಿದ್ದೆಯಿಲ್ಲದೆ ಊರೆಲ್ಲ ತಿರುಗಿ, ಎರಡು ಎಕರೆ ಗದ್ದೆಯನ್ನು ಸಿಕ್ಕವರಿಗೆ ಬರೆದುಕೊಡಲು ಹೋಗಿದ್ದರಂತೆ. ಊರವರು ಗಾಳಿ ಸೋಕಿದೆ ಅಂದರು. ಇದು ಕಾಯಿಲೆ ಅಂತ ಗುರುತಿಸಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು.

ಒಂದು ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೆ ಆ ಕಾಲದಲ್ಲಿ ಇದು ಹೇಗೆ ತಿಳಿಯಿತು ಅಂತ ನನಗೆ ಆಶ್ಚರ್ಯ. ಹುಡುಕಿದಾಗ ಗೊತ್ತಾಯಿತು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ನಡೆಸಿದ್ದರು. ಹಳ್ಳಿಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು. ಮಾಮೂಲಿ ದವಾಖಾನೆಯಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಇದೇ. ಅದನ್ನು ಈಗಲೂ 'ಬಳ್ಳಾರಿ ಮಾದರಿ' ಅಂತಲೇ ಕರೆಯುತ್ತಾರೆ. ಇಡೀ ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಕೂತು ನಾವು ಮೂರು ವರ್ಷ ದಾರಿ ಕಾಣದೆ ಅಲೆದೆವು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲಿಥಿಯಂ ಶುರುವಾದ ಮೇಲೆ ಮಾಮ ಇಪ್ಪತ್ತು ವರ್ಷ ಭತ್ತ ಬೆಳೆದರು, ಮಕ್ಕಳ ಮದುವೆ ಮಾಡಿದರು. ಅಷ್ಟು ಚೆನ್ನಾಗಿದ್ದದ್ದರಿಂದಲೇ ಮುಚ್ಚಿಡುವುದು ಸುಲಭವಾಯಿತು. "ಯಾಕಮ್ಮಾ ಹೇಳಲಿಲ್ಲ?" ಅಂತ ಕೇಳಿದೆ. "ನಿನ್ನ ಮದುವಿ ಆಗಬೇಕಿತ್ತಲ್ಲವ್ವಾ" ಅಂದಳು. 2018ರ ಕೊನೆಗೆ ನನ್ನ ಮದುವೆ ಆಗಿತ್ತು. "ಆದ ಮ್ಯಾಲೂ ನಿಮ್ಮ ಅತ್ತಿ ಮನ್ಯಾಗ ಗೊತ್ತಾದ್ರ?" ಅಂದಳು. ಮಾಮನ ಮಗನಿಗೆ ನನ್ನನ್ನು ಕೇಳಿದಾಗ ಅಮ್ಮ ಯಾಕೆ ಒಪ್ಪಲಿಲ್ಲ ಅನ್ನುವುದೂ ಅವತ್ತೇ ತಿಳಿಯಿತು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣುಮಕ್ಕಳ ತಾಯಿಗೆ ನಮ್ಮೂರಲ್ಲಿ ಆ ಭಯ ಸುಮ್ನೆ ಬರುವುದಿಲ್ಲ.

ಅತ್ತೆ ಮಾಮನ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಅದನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆವು. ಅವರು ಒಂದೊಂದೇ ಬಿಡಿಸಿ ನೋಡಿದರು. "ಇದು ಮೊದಲೇ ಗೊತ್ತಿದ್ದರೆ ಲಿಥಿಯಂ ಬಗ್ಗೆ ಆಗಲೇ ಯೋಚಿಸುತ್ತಿದ್ದೆ" ಅಂದರು. ಲಿಥಿಯಂ ಒಬ್ಬರಿಗೆ ಚೆನ್ನಾಗಿ ಹಿಡಿಸಿದರೆ ಅದೇ ರಕ್ತಸಂಬಂಧದವರಿಗೂ ಹಿಡಿಸುವ ಸಾಧ್ಯತೆ ಜಾಸ್ತಿ. ಖಂಡಿತ ಹಿಡಿಸುತ್ತದೆ ಅಂತಲ್ಲ, ಅದು ಒಂದು ಸುಳಿವು. ಆದರೆ ನಾವು ಕತ್ತಲಲ್ಲಿ ತಡಕಾಡುತ್ತಿದ್ದಾಗ ಆ ಸುಳಿವು ಅತ್ತೆಯ ಟ್ರಂಕಿನಲ್ಲಿತ್ತು.

ಹಾಗಾದರೆ ಉತ್ತರ ಲಿಥಿಯಂ ಅಲ್ವಾ, ಇಷ್ಟುದ್ದ ಯಾಕೆ ಅನ್ನಬೇಡಿ. ಅದನ್ನು ಅಂಗಡಿಯಲ್ಲಿ ಕೊಂಡು ಕೊಡುವ ಹಾಗಿಲ್ಲ, ಯಾಕೆ ಅಂತ ಹೇಳುತ್ತೇನೆ.

ಲಿಥಿಯಂ ಒಂದು ಉಪ್ಪು. ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ 1949ರಲ್ಲಿ ಇದರ ಗುಣವನ್ನು ಬರೆದು ತಿಳಿಸಿದರು. ಹಳೆಯ ಔಷಧಿ, ಅಗ್ಗದ್ದು, ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಸಣ್ಣದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ರಾತ್ರಿ ಗುಳಿಗೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಬೆಳಗಿನ ಗುಳಿಗೆ ಇದ್ದರೆ ಅದನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ನಾವು ಮೊದಲ ಸಲ ಇದನ್ನು ತಪ್ಪು ಮಾಡಿ ಲೆಕ್ಕವೇ ಏರುಪೇರಾಗಿತ್ತು. ಶುರು ಮಾಡುವ ಮೊದಲು ಕಿಡ್ನಿ, ಥೈರಾಯ್ಡ್ ನೋಡುತ್ತಾರೆ. ಆಮೇಲೂ ಆರು ತಿಂಗಳಿಗೊಮ್ಮೆ ನೋಡುತ್ತಾರೆ.

ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಲ್ಲ. 2022ರ ಮೇ ತಿಂಗಳಲ್ಲಿ ಒಂದು ಮದುವೆ ಊಟ ಆಗಿಬರದೆ ತಮ್ಮನಿಗೆ ವಾಂತಿ ಭೇದಿ ಹತ್ತಿತು. ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗಿದ. ಲಿಥಿಯಂ ಕೂಡ ತಪ್ಪದೆ ನುಂಗಿದ. ಗುಳಿಗೆ ತಪ್ಪಿಸಬೇಡ ಅಂತ ನಾವೇ ಹೇಳಿದ್ದೆವಲ್ಲ. ಮೂರನೇ ದಿನ ಕೈ ನಡುಗಿತು, ನಾಲಿಗೆ ತೊದಲಿತು, ಹೆಜ್ಜೆ ತಪ್ಪಿತು. ಓಣಿಯವರು ಕುಡಿದಿದ್ದಾನೆ ಅಂದುಕೊಂಡರು. ಆಸ್ಪತ್ರೆಯಲ್ಲಿ ನೋಡಿದರೆ 1.9. ಸಲೈನ್ ಹಾಕಿ, ಗುಳಿಗೆ ನಿಲ್ಲಿಸಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್ ಥರದ ನೋವಿನ ಗುಳಿಗೆಗಳೂ, ಬಿಪಿಯ ಕೆಲವು ಗುಳಿಗೆಗಳೂ ಹಾಗೇ ಮಾಡುತ್ತವೆ. ವಾಂತಿ ಭೇದಿ ಶುರುವಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಲಿಥಿಯಂ ತಗೋಬೇಕಾ ಬೇಡವಾ ಅಂತ ಕೇಳಬೇಕು. ಅವತ್ತಿನಿಂದ ಮಾರ್ಚ್ ಬಂದರೆ ಅಮ್ಮ ಅವನ ಬುತ್ತಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ ಬಾಟಲಿ ಇಡುತ್ತಾಳೆ.

ಇನ್ನೊಂದು ತೊಂದರೆ ಕೈ ನಡುಕದ್ದು. ಪ್ರಮಾಣ ಸರಿಯಿದ್ದರೂ ಲಿಥಿಯಂನಿಂದ ಕೈ ಸಣ್ಣಗೆ ನಡುಗಬಹುದು. ಬೇರೆಯವರಿಗೆ ಅದು ದೊಡ್ಡದಲ್ಲದಿರಬಹುದು, ಜೇಬಿನ ಅಂಚಿಗೆ ಜೋಡಿ ಹೊಲಿಗೆ ಹಾಕುವವನಿಗೆ ಅದೇ ಅನ್ನ. ಈ ಸಲ ಅವನು ಗುಳಿಗೆ ಬಿಡಲಿಲ್ಲ. ಡಾಕ್ಟರ ಮುಂದೆ ಕೈ ಚಾಚಿ ತೋರಿಸಿದ. ಪ್ರಮಾಣ ಸ್ವಲ್ಪ ಇಳಿಸಿ, ಎಲ್ಲವನ್ನೂ ರಾತ್ರಿ ಒಂದೇ ಹೊತ್ತಿಗೆ ಮಾಡಿದರು. 0.7ರ ಹತ್ತಿರ ನಿಂತಿತು, ನಡುಕವೂ ಇಳಿಯಿತು. ನನ್ನ ಪ್ರಕಾರ ಸರಿಯಾದ ಔಷಧಿ ಸಿಕ್ಕಿದ್ದು ಅವತ್ತು. ಅದೇ ಔಷಧಿಯನ್ನು ಏಕಾಏಕಿ ನಿಲ್ಲಿಸಿದ್ದರೆ ಕಾಯಿಲೆ ಇನ್ನೂ ಜೋರಾಗಿ ಮರಳಬಹುದಿತ್ತು.

ಅವನಿಗೆ ಹಿಡಿಸಿದ್ದು ನಿಮ್ಮ ಮಗಳಿಗೆ ಹಿಡಿಸಬೇಕೆಂದಿಲ್ಲ. ಕಂಪ್ಲಿ ಕಡೆಯ ಒಬ್ಬ ತಾಯಿ ಮಗಳ ಬಗ್ಗೆ ಕೇಳಿದರು. ಹೊಸದಾಗಿ ಮದುವೆಯಾದ ಹುಡುಗಿ, ವಾಲ್‌ಪ್ರೋಯೇಟ್ ನಡೆಯುತ್ತಿದೆ. ಮಕ್ಕಳಾಗುವ ವಯಸ್ಸಿನವರಿಗೆ ಅದು ದೊಡ್ಡ ವಿಷಯ. ಬಸಿರಿನಲ್ಲಿ ಆ ಔಷಧಿ ತಗೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಊನ ಬರಬಹುದು. ಹತ್ತರಲ್ಲಿ ಮೂರು ನಾಲ್ಕು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳಬಹುದು. ತಾವಾಗಿ ನಿಲ್ಲಿಸಬೇಡಿ, ನಾಳೆಯೇ ಹೋಗಿ ಡಾಕ್ಟರಿಗೆ ಮಕ್ಕಳ ವಿಚಾರ ಹೇಳಿ ಅಂದೆ. ಮದುವೆಯಾದದ್ದನ್ನೇ ಅವರು ಡಾಕ್ಟರಿಗೆ ಹೇಳಿರಲಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ನಾವು ಇನ್ನೊಂದನ್ನು ಒಯ್ಯುತ್ತೇವೆ, ಗೋಡೆಯ ಕ್ಯಾಲೆಂಡರ್. ತಮ್ಮ ಎಷ್ಟು ಗಂಟೆ ಮಲಗಿದ ಅಂತ ಅಪ್ಪ ದಿನಾ ಕೆಂಪು ಪೆನ್ನಿನಲ್ಲಿ ಆ ದಿನದ ಮನೆಯಲ್ಲಿ ಬರೆಯುತ್ತಾರೆ. ಏಳು, ಏಳೂವರೆ, ಏಳು. ಸತತ ಎರಡು ದಿನ ನಾಲ್ಕು, ಐದು ಬಂದರೆ ಫೋನ್ ಮಾಡುತ್ತೇವೆ. ತಮ್ಮನಿಗೆ ಮೊದಲು ಇದು ಕಾವಲು ಕಾದ ಹಾಗೆ ಅನ್ನಿಸುತ್ತಿತ್ತು. ಈಗ ಅಪ್ಪ ಊರಲ್ಲಿಲ್ಲದಿದ್ದರೆ ಅವನೇ ಬರೆಯುತ್ತಾನೆ. 2019ರಿಂದ ಈಚೆಗೆ ಅವನು ಏರಿದ್ದಿಲ್ಲ. ಒಂದು ಸಲ ಕುಸಿದ, ಎರಡು ತಿಂಗಳಲ್ಲಿ ಎದ್ದ.

ಯಾರ ಹತ್ತಿರ ಹೋಗಬೇಕು ಅಂತಲೂ ಕೇಳುತ್ತೀರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿಂದ ಶುರು ಮಾಡಿ. ರಾತ್ರಿ ಹೊತ್ತಿನಲ್ಲಿ ಕೈಕಾಲು ಆಡದಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವ ಮೊದಲು ಒಂದು ಸಂಜೆ ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ತಾಯಿಯ ಕಡೆ, ತಂದೆಯ ಕಡೆ ಎರಡೂ ಕೇಳಿ. ಮನೆ ಬಿಟ್ಟು ಹೋದವರು ಯಾರು? ಬಾವಿಗೆ ಬಿದ್ದವರು ಯಾರು? "ಬಿಪಿ ಗುಳಿಗೆ" ನುಂಗುತ್ತಿದ್ದವರು ಯಾರು? ಹಳೇ ಚೀಟಿ ಇದ್ದರೆ ತೆಗೆಸಿ. ಹೆದರಬೇಡಿ. ತಂದೆತಾಯಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಬರುವುದಿಲ್ಲ.

ಮಾಮನ ಚೀಟಿಗಳನ್ನು ನಾನು ಮೂರು ಝೆರಾಕ್ಸ್ ಮಾಡಿಸಿದೆ. ಒಂದು ತಮ್ಮನ ಫೈಲಿನಲ್ಲಿದೆ. ಒಂದನ್ನು ಮಾಮನ ಮಗ ಒಯ್ದ, ಅವನಿಗೂ ಇಬ್ಬರು ಮಕ್ಕಳು. ಮೂರನೆಯದನ್ನು ನನ್ನ ಗಂಡನ ಕೈಗೆ ಕೊಟ್ಟೆ. ಕೊಡುವಾಗ ನನ್ನ ಕೈಯೂ ನಡುಗುತ್ತಿತ್ತು. ಅವರು ಕೂತು ಪೂರ್ತಿ ಓದಿದರು. ಆಮೇಲೆ ಎದ್ದು, ನಮ್ಮ ಮಗಳ ಲಸಿಕೆಯ ಕಾರ್ಡು ಇರುವ ಫೈಲು ತೆಗೆದು ಅದರೊಳಗೆ ಇಟ್ಟರು.