ಕಣದಲ್ಲಿ ನಿಂತು ಕೂಗಿದರೆ ಕೆಳಗಿನ ಹಳ್ಳಕ್ಕೆ ಕೇಳಬೇಕು: ನಾಯಿಗೆ ಹೆಸರಿಡುವ ಮುನ್ನ

ಕೊಡಗಿನ ಯಾವುದೇ ತೋಟದ ಮನೆಗೆ ಹೋಗಿ, ಗೇಟು ತೆಗೆಯುವ ಮೊದಲೇ ಎರಡು ಮೂರು ನಾಯಿ ಬೊಗಳುತ್ತವೆ. ಒಳಗಿನಿಂದ ಯಾರಾದರೂ ಒಂದು ಹೆಸರು ಹಿಡಿದು ಗದರುತ್ತಾರೆ. ಟೈಗರ್, ಜಿಮ್ಮಿ, ಟಾಮಿ, ಸೀಸರ್ ಎಂಬ ಹೆಸರುಗಳು ಇಲ್ಲಿ ಇವತ್ತಿಗೂ ಜೀವಂತ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿ, 1850ರ ದಶಕದಿಂದ ಯೂರೋಪಿನ ಪ್ಲಾಂಟರುಗಳು ಕಾಫಿ ಹಾಕಲು ಬಂದ ನಾಡಿದು. ದೊರೆ ಬಂಗಲೆಯ ನಾಯಿ ಹೆಸರು ತೋಟದ ಕೂಲಿಯವರ ಲೈನ್ ಮನೆಯ ಕಂತ್ರಿ ನಾಯಿಗೂ ಇಳಿದು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಸೈನ್ಯಕ್ಕೆ ಹೋದವರಿರುವ ಮನೆಗಳಲ್ಲಿ ಮೇಜರ್, ಕ್ಯಾಪ್ಟನ್ ಸಿಗುತ್ತಾರೆ. ಬಣ್ಣ ನೋಡಿ ಇಟ್ಟ ಕೆಂಚ, ಚುಕ್ಕಿ, ಬೆಳ್ಳಿ ಇವೆಲ್ಲಕ್ಕಿಂತ ಹಳೆಯವು. ಈಚಿನ ಮರಿಗಳೆಲ್ಲ ಬ್ರೂನೊ, ಸಿಂಬಾ, ಕೋಕೊ, ಲಿಯೋ.

ಹೆಸರು ಎಲ್ಲಿಂದ ಬಂತು ಎಂಬುದು ನಾಯಿಗೆ ಬೇಡದ ವಿಷಯ. ಅದಕ್ಕೆ ಬೇಕಾದದ್ದು ದೂರದಿಂದ ಕೇಳುವ, ಬೇರೆ ಮಾತುಗಳ ಜೊತೆ ಕಲೆಸಿಹೋಗದ ಒಂದು ಶಬ್ದ. ಫ್ಲಾಟಿನಲ್ಲಿ ಸಾಕುವವರು ಚೆಂದ ನೋಡಿ ಹೆಸರಿಡಬಹುದು. ಇಳಿಜಾರಿನ ರೋಬಸ್ಟಾ ಕಾಫಿ ತೋಟದಲ್ಲಿ, ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಕೆಳಗಿನ ಗದ್ದೆಯವರೆಗೆ ಓಡಿಹೋದ ನಾಯಿಯನ್ನು ವಾಪಸ್ ಕರೆಯಬೇಕಾದವರು ಮೊದಲು ತಮ್ಮ ಗಂಟಲನ್ನು ನೋಡಿಕೊಳ್ಳಬೇಕು.

ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು. ಮನುಷ್ಯನಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿದರೆ ನಾಯಿಗೆ 45,000 ಹರ್ಟ್ಸ್ ಆಸುಪಾಸಿನದೂ ಕೇಳುತ್ತದೆ. ತೊಂದರೆ ಇರುವುದು ದಾರಿಯಲ್ಲಿ. ಸ, ಶ, ಫ ಇಂಥ ಅಕ್ಷರಗಳ ಸದ್ದು ಹೆಚ್ಚು ಕಂಪನಾಂಕದ್ದು, ಎಲೆ ಕೊಂಬೆಗಳ ನಡುವೆ ಚದುರಿ ಬೇಗ ಸಾಯುತ್ತದೆ. ಮಳೆಯ ಸದ್ದೂ ಅದನ್ನೇ ಮೊದಲು ನುಂಗುತ್ತದೆ. ದೂರ ಹೋಗುವುದು ಸ್ವರ: ಆ, ಈ, ಊ, ಓ. ಕ, ಟ, ಗ, ಬ ತರಹದ ಗಟ್ಟಿ ವ್ಯಂಜನದಿಂದ ಶುರುವಾಗಿ ದೀರ್ಘ ಎಳೆಯಬಹುದಾದ ಸ್ವರದಲ್ಲಿ ಮುಗಿಯುವ ಎರಡಕ್ಷರದ ಹೆಸರು ಎಲ್ಲದಕ್ಕಿಂತ ಒಳ್ಳೆಯದು. ಮೊದಲ ಪೆಟ್ಟಿಗೆ ನಾಯಿ ಕಿವಿ ನಿಮಿರಿಸುತ್ತದೆ, ಕೊನೆಯ ಎಳೆತ ಕೇಳಿ ಯಾವ ದಿಕ್ಕು ಎಂದು ತಿರುಗುತ್ತದೆ.

ಈ ವಿಷಯದಲ್ಲಿ ನಮ್ಮ ಹಳಬರ ಹೆಸರುಗಳು ಇಂಗ್ಲಿಷ್ ಹೆಸರುಗಳಿಗಿಂತ ಒಂದು ಕೈ ಮೇಲು. ಕೆಂಚ ಎಂದು ಇಟ್ಟದ್ದು ಕರೆಯುವಾಗ ತಾನಾಗಿಯೇ ಕೆಂಚಾ ಆಗುತ್ತದೆ, ಚುಕ್ಕಿ ಚುಕ್ಕೀ ಆಗುತ್ತದೆ. ಮ್ಯಾಕ್ಸ್, ಜಾಕ್, ಸ್ಪಾರ್ಕ್ ಬಾಯಿ ಮುಚ್ಚಿಕೊಂಡು ಮುಗಿಯುವ ಹೆಸರುಗಳು. ಜೋರಾಗಿ ಕೂಗಲು ಹೋದರೆ ಒಂದು ಸಣ್ಣ ಸಿಡಿತವಷ್ಟೇ ಕೇಳುತ್ತದೆ. ಅದಕ್ಕೇ ಜನ ತಿಳಿಯದೆಯೇ ಜಾಕೂ, ಮ್ಯಾಕ್ಸೀ ಎಂದು ಬಾಲ ಸೇರಿಸುತ್ತಾರೆ. ಸೇರಿಸುವುದಾದರೆ ಮನೆಯೊಳಗೂ ಹಾಗೇ ಕರೆಯಿರಿ. ಒಳಗೊಂದು, ಹೊರಗೊಂದು ಆದರೆ ಮರಿ ಎರಡು ಪದ ಕಲಿಯಬೇಕಾಗುತ್ತದೆ.

ಹಳಬರ ಜಾಣತನಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 949-50ರ ಶಾಸನ ಒಂದು ಬೇಟೆನಾಯಿಯ ನೆನಪಿನದು. ಗಂಗರ ದೊರೆ ಬೂತುಗ ತನ್ನ ಕಡೆಯ ವೀರ ಮಣಲೆರನಿಗೆ ಮೆಚ್ಚಿ ಕೊಟ್ಟ ನಾಯಿ ಅದು. ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಎರಡೂ ಸತ್ತವು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಕಾಳಿ. ಎರಡಕ್ಷರ, ಗಟ್ಟಿ ಆರಂಭ, ಎಳೆಯಲು ಬರುವ ಕೊನೆ. ಸಾವಿರ ವರ್ಷದ ಹಿಂದಿನ ಬೇಟೆಗಾರನಿಗೆ ಇಂದಿನ ಟ್ರೈನರ್ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಮೂರು ಹೆಸರು ಆರಿಸಿಕೊಂಡು ಪರೀಕ್ಷೆ ಮಾಡಿ. ಒಬ್ಬರು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಲಿ, ಇನ್ನೊಬ್ಬರು ತೋಟದೊಳಗೆ ನೂರೈವತ್ತು ಮೀಟರ್ ಇಳಿದುಹೋಗಲಿ. ಮೇಲಿದ್ದವರು ಮೂರರಲ್ಲಿ ಯಾವುದೋ ಒಂದನ್ನು ಒಂದೇ ಸಲ ಕೂಗಬೇಕು, ಕೆಳಗಿದ್ದವರು ಯಾವುದೆಂದು ಹೇಳಬೇಕು. ಕ್ರಮ ಬದಲಿಸಿ ಹತ್ತು ಸಲ ಮಾಡಿದರೆ ಯಾವ ಹೆಸರು ದಾಟುತ್ತದೆ, ಯಾವುದು ದಾರಿಯಲ್ಲೇ ಕರಗುತ್ತದೆ ಎಂದು ಗೊತ್ತಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿರುವಾಗ ಅಥವಾ ಶೀಟಿನ ಮೇಲೆ ಮಳೆ ಬೀಳುವಾಗ ಮಾಡಿದರೆ ಇನ್ನೂ ಒಳ್ಳೆಯದು. ಹೊರಗೆ ಕೂಗಲು ನಾಚಿಕೆಯಾಗುವ ಹೆಸರುಗಳೂ ಇಲ್ಲೇ ಬಿದ್ದುಹೋಗುತ್ತವೆ. ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ ಎಲ್ಲರೂ ಕೇಳುವಂತೆ ಹತ್ತು ಸಲ ‘ಬೇಬಿ’ ಎಂದು ಕಿರುಚಲು ಎಷ್ಟು ಜನರಿಗೆ ಆಗುತ್ತದೆ?

ಆಮೇಲೆ ನಾಲಿಗೆಯ ಪರೀಕ್ಷೆ. ಇಲ್ಲಿನ ಒಂದೇ ಅಂಗಳದಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಎರವರ ಮಾತು ಎಲ್ಲ ಓಡಾಡುತ್ತವೆ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದವರದು ಇನ್ನೊಂದು. ಝೋರೋ ಒಬ್ಬರ ಬಾಯಲ್ಲಿ ಜೋರೋ, ಇನ್ನೊಬ್ಬರ ಬಾಯಲ್ಲಿ ಸೋರೋ. ಫ್ಲಫಿ ಪ್ಲಪಿ ಆಗುತ್ತಾಳೆ. ಮನೆಯ ಹಿರಿಯರು, ಅಡುಗೆಯವರು, ಮಕ್ಕಳು, ಅನ್ನ ಹಾಕುವ ತೋಟದ ಆಳು, ಇಷ್ಟು ಜನ ಒಂದೇ ತರಹ ಹೇಳಬಲ್ಲ ಹೆಸರು ಬೇಕು. ಅದರಲ್ಲೂ ಅನ್ನ ಹಾಕುವವರ ಉಚ್ಚಾರವೇ ಕೊನೆಗೆ ಗೆಲ್ಲುವುದು, ಆದ್ದರಿಂದ ಮೊದಲು ಅವರನ್ನೇ ಕೇಳಿ. ನಾಲ್ಕಕ್ಷರ ದಾಟಿದರೆ ಜನ ಕತ್ತರಿಸುತ್ತಾರೆ: ಅಲೆಕ್ಸಾಂಡರ್ ಒಬ್ಬರಿಗೆ ಅಲೆಕ್ಸ್, ಇನ್ನೊಬ್ಬರಿಗೆ ಸ್ಯಾಂಡಿ. ಉದ್ದದ ಹೆಸರು ಬೇಕೇ ಬೇಕು ಎಂದರೆ ಕತ್ತರಿಸಿದ ರೂಪವನ್ನೂ ನೀವೇ ಮೊದಲ ದಿನವೇ ಗೊತ್ತುಮಾಡಿಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಗೆ ಒಪ್ಪುವುದಿಲ್ಲ. ಕರಿಯ, ಕಾಳ, ಬೆಳ್ಳಿ ನಮಗೆ ಬಣ್ಣವಾಗಿ ಕಾಣಬಹುದು, ಆದರೆ ಅವು ತೋಟದಲ್ಲಿ ದುಡಿಯುವ ಜನರ ಹೆಸರುಗಳೂ ಹೌದು. ಲೈನ್ ಮನೆಯಲ್ಲಿ ಕರಿಯ ಎಂಬ ಮನುಷ್ಯನಿರುವಾಗ ಅಂಗಳದಲ್ಲಿ ನಿಂತು ಕರಿಯಾ ಎಂದು ನಾಯಿಯನ್ನು ಗದರುವುದು ಅವಮಾನ. ಆತ ಎದುರಿಗೆ ನಕ್ಕು ಸುಮ್ಮನಾದರೂ ಅವಮಾನವೇ. ಹೆಸರಿಡುವ ಮೊದಲು ಲೈನ್ ಮನೆಯ, ಅಕ್ಕಪಕ್ಕದ ತೋಟದ, ಒಕ್ಕದ (ಕೊಡವ ಮನೆತನದ) ಹಿರಿಯರ, ಅವರ ಮುದ್ದಿನ ಹೆಸರುಗಳ ಸಹಿತ ಒಮ್ಮೆ ನೆನಪು ಮಾಡಿಕೊಳ್ಳಿ. ಆಗದವನ ಹೆಸರನ್ನು ಬೇಕೆಂದೇ ನಾಯಿಗೆ ಇಡುವ ಚಾಳಿಯೂ ಇದೆ. ಜಗಳ ಮುಗಿದು ಅವನು ಒಂದು ದಿನ ಕಾಫಿಗೆ ಬಂದರೆ ನಾಯಿಯನ್ನು ಏನೆಂದು ಕರೆಯುತ್ತೀರಿ?

ಇನ್ನು ಆಜ್ಞೆಗಳ ಜೊತೆ ಗೊಂದಲ. ಕನ್ನಡದಲ್ಲಿ ಕಲಿಸುವವರ ಪದಗಳು ಬಾ, ಕೂತ್ಕೊ, ನಿಲ್ಲು, ಬಿಡು, ಬೇಡ. ಬಾಲು, ಬಾಬು ಎಂದಿಟ್ಟರೆ ಮೊದಲ ಅಕ್ಷರಕ್ಕೇ ನಾಯಿ ಹೊರಟುಬಿಡುತ್ತದೆ, ‘ಬಾಲು, ಕೂತ್ಕೊ’ ಅರ್ಧ ದಾರಿಯಲ್ಲಿ ಮುಗಿಯುತ್ತದೆ. ನೀಲು ಮತ್ತು ನಿಲ್ಲು ದೂರದಿಂದ ಒಂದೇ. ಇಂಗ್ಲಿಷಿನಲ್ಲಿ ಕಲಿಸುವ ಮನೆಯಲ್ಲಿ ಜೋ, ಬೋ ಎರಡೂ ‘ನೋ’ಗೆ ಹತ್ತಿರ, ರೇ ಎಂಬುದು ‘ಸ್ಟೇ’ಗೆ ಹತ್ತಿರ, ಕಿಟ್ ಎಂಬುದು ‘ಸಿಟ್’ಗೆ. ಎರಡು ನಾಯಿ ಇರುವಲ್ಲಿ ರಾಕಿ-ರಾಜಿ, ಚಿಂಟು-ಪಿಂಟು ಬೇಡ. ಮೊದಲ ಅಕ್ಷರವೂ ಸ್ವರವೂ ಬೇರೆ ಇರಲಿ: ಟೈಗರ್ ಮತ್ತು ಚುಕ್ಕಿ, ಕೆಂಚ ಮತ್ತು ಬ್ರೂನೊ. ನಾಯಿಗೆ ಬುದ್ಧಿ ಸಾಲದು ಎಂದಲ್ಲ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕಾಲಿ 1,022 ಆಟಿಕೆಗಳ ಹೆಸರು ಬೇರೆಬೇರೆಯಾಗಿ ಗುರುತಿಸುತ್ತಿದ್ದಳು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವಿದೆ. ಆದರೆ ಆಕೆಗೆ ಪ್ರತಿ ಹೆಸರನ್ನೂ ತಿದ್ದಿ ತೀಡಿ ಕಲಿಸಿದವರಿದ್ದರು. ನಾವು ಬಾಯಿಗೆ ಬಂದಂತೆ ಕೂಗುವವರು.

ಹೆಸರು ಇಟ್ಟ ಮಾತ್ರಕ್ಕೆ ಮರಿಗೆ ಬಂದುಬಿಡುವುದಿಲ್ಲ, ಕಲಿಸಬೇಕು. ಮರಿಯ ಕಿವಿ ತೆರೆಯುವುದೇ ಸುಮಾರು ಎರಡು ವಾರಕ್ಕೆ. ಎಂಟು ವಾರಕ್ಕೆ ಮನೆಗೆ ತಂದ ದಿನದಿಂದಲೇ ಶುರುಮಾಡಬಹುದು. ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಬೇಳೆ ಗಾತ್ರಕ್ಕೆ ಹರಿದಿಟ್ಟುಕೊಳ್ಳಿ. ಹಬ್ಬದ ಪಂದಿ ಕರಿಯ (ಹಂದಿಮಾಂಸದ ಸಾರಿನ) ಚೂರು ಇದಕ್ಕೆ ಆಗದು: ಅದರ ಕೊಬ್ಬಿಗೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳಬಹುದು, ಈರುಳ್ಳಿ ಅಂತೂ ನಾಯಿಯ ರಕ್ತಕ್ಕೇ ವಿಷ. ಮರಿ ಎರಡು ಮೂರು ಅಡಿ ದೂರದಲ್ಲಿ ಬೇರೆ ಕಡೆ ನೋಡುತ್ತಿರುವಾಗ ಹೆಸರನ್ನು ಒಂದೇ ಸಲ, ಸಂತೋಷದ ದನಿಯಲ್ಲಿ ಹೇಳಿ. ತಿರುಗಿದ ಕ್ಷಣ ‘ಶಭಾಷ್’ ಎಂದು ಒಂದು ಸೆಕೆಂಡಿನೊಳಗೆ ತುಂಡು ಕೊಡಿ. ತಡವಾದರೆ ಮರಿ ಆ ತುಂಡನ್ನು ಹೆಸರಿಗಲ್ಲ, ನಡುವೆ ತಾನು ಮಾಡಿದ ಇನ್ನೇನಕ್ಕೋ ಜೋಡಿಸಿಕೊಳ್ಳುತ್ತದೆ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ, ಒಂದೆರಡು ನಿಮಿಷ ಸಾಕು. ಮೂರು ನಾಲ್ಕು ದಿನ ಕಳೆದು ಪಕ್ಕದ ಕೋಣೆಯಿಂದ ಕರೆಯಿರಿ, ಆಮೇಲೆ ಅಂಗಳದಿಂದ, ಕೊನೆಗೆ ಹತ್ತು ಮೀಟರ್ ಹಗ್ಗ ಕಟ್ಟಿ ತೋಟದೊಳಗೆ. ಮನೆಯ ಪ್ರತಿಯೊಬ್ಬರೂ ಒಂದಿಷ್ಟು ದಿನ ಕೈಯಾರೆ ಮಾಡಬೇಕು.

ತಿರುಗಲಿಲ್ಲ ಎಂದು ಮತ್ತೆ ಮತ್ತೆ ಕೂಗಬಾರದು. ‘ಬ್ರೂನೊ, ಬ್ರೂನೊ, ಬ್ರೂನೊ’ ಎಂದು ಅಭ್ಯಾಸವಾದ ನಾಯಿಗೆ ಮೂರನೆಯದೇ ನಿಜವಾದ ಕರೆ, ಮೊದಲೆರಡು ಗಾಳಿಗೆ. ಚಪ್ಪಾಳೆ ತಟ್ಟಿ, ನಾಲಿಗೆಯಲ್ಲಿ ಲೊಚಗುಟ್ಟಿ, ತಿರುಗಿದ ಮೇಲೆ ಹೆಸರು ಹೇಳಿ. ಇದಕ್ಕಿಂತ ಹೆಚ್ಚು ಹಾಳುಮಾಡುವುದು ಹೆಸರು ಹಿಡಿದು ಬೈಯುವುದು. ಕರೆದು ಮಾತ್ರೆ ನುಂಗಿಸುವುದು, ಕರೆದು ಸ್ನಾನ ಮಾಡಿಸುವುದು, ಮಳೆಗಾಲದಲ್ಲಿ ಕರೆದು ಮೈಗೆ ಹತ್ತಿದ ಉಣ್ಣೆ ಹುಳ ಕೀಳುವುದೂ ಅದೇ ಸಾಲಿನವು. ಎರಡು ವಾರ ಹೀಗೆ ಮಾಡಿದರೆ ಹೆಸರು ಕೇಳಿದೊಡನೆ ಬಾಲ ಮಡಚಿ ಕಾಫಿ ಗಿಡದ ಬುಡಕ್ಕೆ ನುಸುಳುವ ನಾಯಿ ತಯಾರು. ಇಂಥ ಕೆಲಸಕ್ಕೆ ನೀವೇ ನಾಯಿಯ ಹತ್ತಿರ ಹೋಗಿ. ಬೈಯಲೇಬೇಕಾದರೆ ‘ಬೇಡ’ ಎನ್ನಿ, ಹೆಸರನ್ನು ಅದರೊಳಗೆ ಎಳೆಯಬೇಡಿ.

ಆನೆ ತೋಟದಲ್ಲಿದೆ ಎಂದು ಸುದ್ದಿ ಬಂದ ದಿನ ಎಂಥ ಒಳ್ಳೆಯ ಹೆಸರನ್ನೂ ನಂಬಬೇಡಿ. ನಾಯಿ ಬೊಗಳಿ ಆನೆಯನ್ನು ಕೆಣಕುತ್ತದೆ, ಆನೆ ಅಟ್ಟಿಸಿಕೊಂಡು ಬಂದರೆ ಯಜಮಾನನ ಕಾಲಡಿಗೇ ಓಡಿಬರುತ್ತದೆ. ಆ ಹೊತ್ತಿನಲ್ಲಿ ಹೆಸರು ಕೂಗುವುದೆಂದರೆ ಆನೆಗೆ ನೀವು ನಿಂತ ಜಾಗ ತೋರಿಸಿಕೊಟ್ಟಂತೆ. ನಾಯಿಯನ್ನು ಮೊದಲೇ ಕಟ್ಟಿಹಾಕಿ.

ಸತ್ತ ನಾಯಿಯ ಹೆಸರನ್ನೇ ಹೊಸ ಮರಿಗೆ ಇಡುವ ಮನೆಗಳು ಬಹಳ. ಟೈಗರ್ ಹೋಗಿ ಟೈಗರ್ ಬರುತ್ತಾನೆ. ಇದರಲ್ಲಿ ಕೆಡುಕೇನಿಲ್ಲ, ಮನೆಯವರ ನಾಲಿಗೆಗೆ ಹೊಸದು ಕಲಿಯುವ ಶ್ರಮ ಉಳಿಯುತ್ತದೆ. ಜಾತಿ ನಾಯಿ ತಂದವರಿಗೆ ಬೇರೆ ಚಿಂತೆ: ಚೆನ್ನೈಯಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಕಾಗದದಲ್ಲಿ ಸಾಕಿದವರ ಕೆನಲ್ ಹೆಸರೂ ಸೇರಿ ಉದ್ದದ ಹೆಸರಿರುತ್ತದೆ. ಅದು ಕಾಗದಕ್ಕೆ. ಫ್ರಾನ್ಸಿನಲ್ಲಿ ವರ್ಷಕ್ಕೊಂದು ಅಕ್ಷರ ಗೊತ್ತುಮಾಡಿ, ಆ ವರ್ಷ ಹುಟ್ಟಿದ ಜಾತಿ ಮರಿಗಳ ಹೆಸರು ಅದರಿಂದಲೇ ಶುರುವಾಗಬೇಕೆನ್ನುತ್ತಾರೆ. 2024ಕ್ಕೆ ‘ವಿ’, 2025ಕ್ಕೆ ‘ಎ’. ಅಲ್ಲಿಯೂ ಮನೆಯಲ್ಲಿ ಕರೆಯುವುದು ತಮಗಿಷ್ಟ ಬಂದದ್ದನ್ನೇ.

ದೊಡ್ಡ ನಾಯಿಯನ್ನು ತಂದರೆ ಹೆಸರು ಬದಲಿಸಬಹುದು. ವಾರ ಹತ್ತು ದಿನ ಹೊಸ ಹೆಸರನ್ನು ಮೊದಲು, ಹಳೆಯದನ್ನು ಅದರ ಬೆನ್ನಿಗೇ ಹೇಳಿ ತುಂಡು ಕೊಡಿ, ಆಮೇಲೆ ಹಳೆಯದನ್ನು ಕೈಬಿಡಿ. ಹಳೆಯ ಹೆಸರು ಕೇಳಿದರೇ ಕುಗ್ಗುವ ನಾಯಿಯಾದರೆ ಈ ಜೋಡಣೆ ಬೇಡ, ಮೊದಲ ದಿನದಿಂದ ಹೊಸದೇ ಇರಲಿ. ರೇಬೀಸ್ ಲಸಿಕೆಯ ಕಾರ್ಡಿನಲ್ಲೂ ಹೊಸ ಹೆಸರು ಬರೆಸಿ, ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲಿ ಬಿಡಿ. ಇಲ್ಲದಿದ್ದರೆ ಮುಂದಿನ ಸಲ ಡಾಕ್ಟರಿಗೆ ಅದೇ ನಾಯಿಯೇ ಎಂದು ಅನುಮಾನ.

ಕೊರಳಪಟ್ಟಿಯ ಬಿಲ್ಲೆಯಲ್ಲಿ ಹೆಸರಿಗಿಂತ ಫೋನ್ ನಂಬರ್ ಮುಖ್ಯ. ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಭತ್ತದ ಕದಿರು ತೆಗೆಯುವಾಗ ಹಾರಿಸುವ ಗುಂಡು, ಪಟಾಕಿಗೆ ಹೆದರಿ ಓಡಿದ ನಾಯಿ ಊರಾಚೆ ಸಿಗುತ್ತದೆ, ಆ ದಿಗಿಲಿನಲ್ಲಿ ಯಾರು ಹೆಸರು ಹಿಡಿದು ಕರೆದರೂ ಬರುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಬರೆದ ನಂಬರ್ ನಮ್ಮ ಒಂದು ಮಳೆಗಾಲ ತಡೆಯದು. ಹಿತ್ತಾಳೆ ಅಥವಾ ಸ್ಟೀಲಿನ ಬಿಲ್ಲೆಯ ಮೇಲೆ ಕೊರೆಸಿ, ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು ಕಟ್ಟಿ. ಮರಿಯಾದರೆ ತಿಂಗಳಿಗೆರಡು ಸಲ ಆ ಸಡಿಲ ಉಳಿದಿದೆಯೇ ನೋಡುತ್ತಿರಿ.