ಎಂಬತ್ತೈದಕ್ಕೆ ಶುರುವಾಗೋ ನಡುಕ: ಬೆಂಗಳೂರಿಂದ ಧಾರವಾಡಕ್ಕೆ

ಅತ್ತೆ ನಮ್ಮ ಮನೇಲಿ ಮೂರು ತಿಂಗಳಿದ್ದು ವಾಪಸ್ ಧಾರವಾಡಕ್ಕೆ ಹೊರಟಾಗ ಅವರ ಜೊತೆ ಎರಡು ಬ್ಯಾಗು, ಒಂದು ಕುಕ್ಕರು, ನಾಲ್ಕು ಸ್ಟೀಲ್ ಡಬ್ಬಿ ಮತ್ತೆ ಪೇಂಟ್ ಡಬ್ಬದಲ್ಲಿ ನೆಟ್ಟಿದ್ದ ಒಂದು ದುಂಡು ಮಲ್ಲಿಗೆ ಗಿಡ ಕೂಡ ಹೊರಟಿತ್ತು. ಟ್ರೈನಲ್ಲಿ ಗಿಡ ಎತ್ಕೊಂಡು ಹೋಗೋದು ಕಷ್ಟ, ಕಾರಲ್ಲೇ ಬಿಟ್ಟು ಬರ್ತೀನಿ ಅಂದೆ. ಇವಳಿಗೆ ಆಶ್ಚರ್ಯ, ಅತ್ತೆಗೆ ಖುಷಿ. ನಿಜ ಹೇಳ್ಬೇಕಂದ್ರೆ ಗಿಡ ಒಂದು ನೆಪ ಅಷ್ಟೇ, ನನಗೆ ಬೇಕಾಗಿದ್ದು 430 ಕಿಲೋಮೀಟರ್ ಹೈವೇ.

ಯಾಕಂದ್ರೆ ಆರು ತಿಂಗಳಿಂದ ನಮ್ಮ ಕಾರಿಗೊಂದು ನಡುಕ. ಎಂಟು ವರ್ಷದ ಹ್ಯಾಚ್‌ಬ್ಯಾಕು, ಊರೊಳಗೆ ಓಡಿಸಿದ್ರೆ ಬೆಣ್ಣೆ ಥರ ಹೋಗುತ್ತೆ, ಹೈವೇಗೆ ಹತ್ತಿ 85 ದಾಟಿದ ಕೂಡ್ಲೇ ಸ್ಟೀರಿಂಗ್ ಕೈಯಲ್ಲಿ ಜುಮ್ ಅನ್ನೋಕೆ ಶುರು, 95ಕ್ಕೆ ಪೂರ್ತಿ ಜೋರು, ಸ್ವಲ್ಪ ಧೈರ್ಯ ಮಾಡಿ ಇನ್ನೂ ಮೇಲೆ ಹೋದ್ರೆ ಮತ್ತೆ ಕಮ್ಮಿ. ಮೂರು ಸಲ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಆಗೋ ಹಾಗೆ ರಿಮ್ಮಿಗೆ ಸೀಸದ ತುಂಡು ಹೊಡೆಯೋದು) ಆಯ್ತು, ಒಂದ್ಸಲ ಅಲೈನ್‌ಮೆಂಟ್ ಆಯ್ತು (ಅಲೈನ್‌ಮೆಂಟ್ ಕೆಟ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಒಂದು ಮಗ್ಗುಲಲ್ಲಿ ಸವೆಯುತ್ತೆ, ನಡುಕಕ್ಕೂ ಅದಕ್ಕೂ ಅಷ್ಟಕ್ಕಷ್ಟೆ, ಆದ್ರೂ ಮಾಡಿಸ್ದೆ), ಇಂಜಿನ್ ಮೌಂಟಿಂಗ್, ಅಂದ್ರೆ ಇಂಜಿನ್ ಕೂತಿರೋ ರಬ್ಬರ್ ಬುಡ, ಹೋಗಿದೆ ಅಂತ ಒಬ್ರು ಅದನ್ನೂ ಬದಲಾಯಿಸಿ ದುಡ್ಡು ತಗೊಂಡ್ರು. ನಡುಕ ಇದ್ದಲ್ಲೇ ಇದೆ. ಇವರೆಲ್ಲರ ಟ್ರಯಲ್ ಅಂದ್ರೆ ನಮ್ಮ ರಸ್ತೆ ಕೊನೆ ಹಂಪ್ ತನಕ ಹೋಗಿ ಯೂಟರ್ನ್ ಹೊಡೆದು ಬರೋದು. ನಲವತ್ತರ ಮೇಲೆ ಒಬ್ರೂ ಓಡಿಸ್ಲಿಲ್ಲ. 95ಕ್ಕೆ ಬರೋ ಕಾಯಿಲೆನ ನಲವತ್ತರಲ್ಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ?

ಬೆಳಿಗ್ಗೆ ಐದೂವರೆಗೆ ಬಿಟ್ವಿ. ನೆಲಮಂಗಲ ದಾಟಿ ರೋಡ್ ಬಿಚ್ಚಿಕೊಳ್ತಿದ್ದ ಹಾಗೆ ಹಾಜರ್. ಇವಳು ಮುಂದೆ ಕೂತ್ಕೊಂಡು ಫೋನಲ್ಲಿ ನೋಟ್ಸ್ ಮಾಡ್ಕೊಳ್ತಿದ್ಲು, 85 ಶುರು, 95 ಜೋರು ಅಂತ. ಅತ್ತೆ ಹಿಂದೆ, ಗಿಡದ ಡಬ್ಬ ಅವರ ಕಾಲುಗಳ ಮಧ್ಯೆ.

"ಅಳಿಯಂದ್ರ, ಸ್ಟೇರಿಂಗ್ ಯಾಕ ಹಂಗ ನಡಗಾಕತ್ತೈತಿ?"

"ಅದನ್ನೇ ಹುಡುಕ್ತಿದೀನಿ ಅತ್ತೆ."

"ಹುಡುಕೂದು ಆಮ್ಯಾಲೆ, ಮೊದಲ ನಾಷ್ಟಾ ಮಾಡೂಣು."

ಕ್ಯಾತ್ಸಂದ್ರದಲ್ಲಿ ನಿಲ್ಲಿಸಿದ್ವಿ. ತಟ್ಟೆ ಇಡ್ಲಿ ಬಗ್ಗೆ ಎಲ್ರೂ ಬರೆದಿದಾರೆ, ನಾನೂ ಬರೆಯಲ್ಲ. ಬಿಸಿ ಇತ್ತು, ಬೆಣ್ಣೆ ಹಾಕಿದ್ರು, ಅತ್ತೆ ಎರಡು ತಿಂದು ನಮ್ಮ ಕಡೆ ಇಷ್ಟು ದೊಡ್ಡದು ಮಾಡಂಗಿಲ್ಲ ಅಂದ್ರು.

ತುಮಕೂರು ದಾಟಿದ ಮೇಲೆ ನಿಜವಾದ ಕೆಲಸ ಶುರು. ರೋಡು ನೇರ, ಹಿಂದೆ ಯಾವ ಗಾಡಿನೂ ಇಲ್ಲ ಅಂತ ಕನ್ನಡೀಲಿ ನೋಡ್ಕೊಂಡು, 95ಕ್ಕೆ ತಂದು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಗಾಡಿನ ತನ್ನ ಪಾಡಿಗೆ ಉರುಳೋಕೆ ಬಿಟ್ಟೆ. ಕೀ ಮಾತ್ರ ಆಫ್ ಮಾಡಬಾರದು, ಮಾಡಿದ್ರೆ ಪವರ್ ಸ್ಟೀರಿಂಗೂ ಹೋಗುತ್ತೆ, ಬ್ರೇಕೂ ಕಲ್ಲಾಗುತ್ತೆ. ಇಂಜಿನ್ ಐಡಲ್‌ಗೆ ಬಂತು, ಸದ್ದೆಲ್ಲ ಇಳೀತು, ನಡುಕ ಮಾತ್ರ ಹಾಗೇ ಇತ್ತು. ಅಂದ್ರೆ ಇಂಜಿನ್ ಅಲ್ಲ, ಮೌಂಟಿಂಗೂ ಅಲ್ಲ, ಕೊಟ್ಟ ದುಡ್ಡು ದಂಡ. ಇದನ್ನ ಕಂಡುಹಿಡಿಯೋಕೆ ಹತ್ತು ಸೆಕೆಂಡ್ ಸಾಕಾಯ್ತು.

ಆಮೇಲೆ ಏರಲ್ಲಿ ಆಕ್ಸಿಲರೇಟರ್ ಒತ್ತಿ ನೋಡ್ದೆ. ಇಂಜಿನ್ ಬಲನ ಚಕ್ರಕ್ಕೆ ಒಯ್ಯೋ ಆಕ್ಸೆಲ್ಲಿನ ಒಳಗಿನ ಜಾಯಿಂಟ್ ಸವೆದಿದ್ರೆ ಎಳೆಯುವಾಗ ನಡುಕ ಜಾಸ್ತಿ ಆಗ್ಬೇಕು, ಕಾಲು ತೆಗೆದ್ರೆ ಇಳೀಬೇಕು. ಎರಡೂ ಆಗ್ಲಿಲ್ಲ. ಮೆಲ್ಲಗೆ ಬ್ರೇಕ್ ಹಿಡಿದು ನೋಡ್ದೆ, ಡಿಸ್ಕ್ ಸೊಟ್ಟ ಆಗಿದ್ರೆ ಬ್ರೇಕ್ ಒತ್ತಿದಾಗ ಪೆಡಲ್ ಪಾದದ ಕೆಳಗೆ ಕುಣಿಯುತ್ತೆ, ಅದೂ ಇಲ್ಲ. ಎಡಕ್ಕೆ ಬಲಕ್ಕೆ ಸ್ವಲ್ಪ ತೂಗಿಸಿ ಬೇರಿಂಗ್ ಗೊಂಯ್ ಅನ್ನುತ್ತಾ ಅಂತ ಕೇಳಿದೆ. ಇವಳು "ರೀ, ಅಮ್ಮಂಗೆ ವಾಂತಿ ಬರುತ್ತೆ, ಸಾಕು" ಅಂದ್ಲು, ನಿಲ್ಲಿಸ್ದೆ. ಬೇರಿಂಗೂ ಅಲ್ಲ. ಉಳಿದಿದ್ದು ಉರುಳೋ ವಸ್ತು, ಅಂದ್ರೆ ಟೈರು, ರಿಮ್ಮು, ಹಬ್ಬು (ಚಕ್ರನ ಬೋಲ್ಟ್ ಹಾಕಿ ಕೂರಿಸೋ ನಡುಭಾಗ). ನಡುಕ ಸ್ಟೀರಿಂಗಲ್ಲಿ ಬರ್ತಿದೆ, ಸೀಟಲ್ಲಿ ಇಲ್ಲ, ಹಾಗಾಗಿ ಹೆಚ್ಚುಕಮ್ಮಿ ಮುಂದಿನ ಎರಡರಲ್ಲೇ.

ಇಲ್ಲೊಂದು ಲೆಕ್ಕ ಹೇಳಿಬಿಡ್ತೀನಿ, ಇಂಥದ್ದು ಬೇಡ ಅನ್ನೋರು ಮುಂದಿನ ಪ್ಯಾರಾಕ್ಕೆ ಹೋಗಿ. ನನ್ನ ಟೈರ್ ಸೈಜು 165/80 ಆರ್14, ಒಂದು ಸುತ್ತಿಗೆ ಸುಮಾರು 1.93 ಮೀಟರ್ ಹೋಗುತ್ತೆ. 95ರಲ್ಲಿ ಸೆಕೆಂಡಿಗೆ 13–14 ಸುತ್ತು. ಸ್ಪ್ರಿಂಗಿಗೆ ನೇತುಬಿದ್ದಿರೋ ಚಕ್ರಕ್ಕೂ ತನ್ನದೇ ಒಂದು ಕುಣಿತದ ಲಯ ಇರುತ್ತೆ, ಸಾಮಾನ್ಯ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15ರೊಳಗೆ. ಜೋಕಾಲಿ ಬಂದ ಹೊತ್ತಿಗೆ ಸರಿಯಾಗಿ ತಳ್ಳಿದ್ರೆ ಜೋರಾಗುತ್ತಲ್ಲ, ಅದೇ ಕಥೆ. ವೇಗ ಹೆಚ್ಚಾದ್ರೆ ಲಯ ತಪ್ಪುತ್ತೆ, ನಡುಕ ಇಳಿದ ಹಾಗೆ ಅನ್ಸುತ್ತೆ, ದೋಷ ಎಲ್ಲೂ ಹೋಗಿರಲ್ಲ. ರಿಮ್ ಅಂಚಲ್ಲಿ ಬರೀ 20 ಗ್ರಾಂ ಹೆಚ್ಚುಕಮ್ಮಿ ಇದ್ರೂ ಈ ವೇಗದಲ್ಲಿ ಅದು ಎರಡೂವರೆ ಕೆಜಿ ತೂಕದಷ್ಟು ಬಲದಲ್ಲಿ ಚಕ್ರಾನ ಜಗ್ಗುತ್ತೆ. ಅರ್ಧ ವೇಗದಲ್ಲಿ ಅದರ ಕಾಲು ಭಾಗ ಅಷ್ಟೇ, ಅದಕ್ಕೇ ಊರೊಳಗೆ ಗೊತ್ತಾಗಲ್ಲ.

ಶಿರಾ ದಾಟಿ ಹಿರಿಯೂರಲ್ಲಿ ಒಂದು ಪಂಕ್ಚರ್ ಅಂಗಡಿ ಹತ್ರ ನಿಲ್ಲಿಸಿದೆ. ಇವಳಿಗೆ ವಾಣಿವಿಲಾಸ ಸಾಗರ ನೋಡೋ ಆಸೆ, 1933ರ ನಂತರ 2022ರಲ್ಲಿ ಕೋಡಿ ಬಿದ್ದಿತ್ತಲ್ಲ, ಆವಾಗಿಂದ ಹೇಳ್ತಾನೇ ಇದಾಳೆ. ಬರುವಾಗ ಹೋಗೋಣ ಅಂದೆ, ಆ ಮುಖ ನೀವು ನೋಡ್ಬೇಕಿತ್ತು. ಅಂಗಡಿ ಹುಡುಗ ಗಾಳಿ ಚೆಕ್ ಮಾಡ್ದ, ನಾಲ್ಕೂ 33. ನಾಲ್ಕು ರಿಮ್ಮಿಗೂ ಕೈ ಇಟ್ಟು ನೋಡಿದೆ, ಎಲ್ಲ ಒಂದೇ ಬಿಸಿ, ಅಂದ್ರೆ ಬ್ರೇಕ್ ಯಾವುದೂ ಹಿಡ್ಕೊಂಡಿಲ್ಲ.

"ಮುಂದಿನ ಎರಡು ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ ಹಾಕಪ್ಪ, ಆ ಕಡೇದು ಆ ಕಡೆಗೇ ಇರಲಿ."

"ಪಂಕ್ಚರ್ ಇಲ್ವಲ್ಲಣ್ಣ?"

"ಇಲ್ಲ, ಸುಮ್ನೆ ಹಾಕು."

ಅವನು ನನ್ನನ್ನೊಂದ್ಸಲ, ಅತ್ತೇನೊಂದ್ಸಲ ನೋಡಿ ಜಾಕಿ ತಂದ. ಅತ್ತೆ ಗಿಡದ ಜೊತೆ ಕೆಳಗಿಳಿದು ಬೇವಿನ ಮರದ ನೆರಳಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತು, ಆ ಹುಡುಗನ ಊರು, ಅಪ್ಪ ಅಮ್ಮ, ಮದುವೆ ಎಲ್ಲ ವಿಚಾರಿಸಿ ಮುಗಿಸೋ ಹೊತ್ತಿಗೆ ನಾಲ್ಕು ಚಕ್ರನೂ ಬದಲಾಗಿತ್ತು. ಇನ್ನೂರು ರೂಪಾಯಿ. ಆರು ತಿಂಗಳಲ್ಲಿ ನಾನು ಈ ಕಾರಿಗೆ ಮಾಡಿದ ಖರ್ಚಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ.

ಹಿರಿಯೂರು ಬಿಟ್ಟು ಮತ್ತೆ 85, 90, 95. ಸ್ಟೀರಿಂಗ್ ಸುಮ್ನೆ ಇದೆ. ಎರಡು ಬೆರಳಲ್ಲಿ ಹಿಡಿದು ನೋಡ್ದೆ, ಏನೂ ಇಲ್ಲ. ಸರಿಹೋಯ್ತಾ ಅಂತ ಒಂದು ಕ್ಷಣ ಅನ್ಕೊಂಡೆ, ಅಷ್ಟರಲ್ಲಿ ಹಿಂದಿನಿಂದ,

"ಅಯ್ಯ, ನನ್ನ ಗಿಡಾ ನೋಡಾ ಇಲ್ಲೆ!"

ಇವಳು ತಿರುಗಿ ನೋಡಿದ್ಲು. ಕಿಟಕಿ ಹಾಕಿತ್ತು, ಗಾಳಿ ಇಲ್ಲ, ಆದ್ರೂ ಮಲ್ಲಿಗೆ ಗಿಡದ ಎಲೆಗಳೆಲ್ಲ ಚಳಿ ಜ್ವರ ಬಂದೋರ ಹಾಗೆ ಸಣ್ಣಗೆ ಪಟಪಟ ಅಂತ ಅಲುಗಾಡ್ತಿದ್ವಂತೆ. ಎಪ್ಪತ್ತಕ್ಕೆ ಇಳಿಸ್ದೆ. "ನಿಂತ್ವು" ಅಂದ್ಲು. ಮತ್ತೆ ತೊಂಬತ್ತೈದು. "ಶುರು." ನಾನು ಸ್ಟೀರಿಂಗ್ ಮೇಲೆ ಕೈ ತಟ್ಟಿ ಸಿಕ್ತು ಸಿಕ್ತು ಅಂತ ಕೂಗ್ದೆ. ನಡುಕ ಚಕ್ರದ ಜೊತೆ ಹಿಂದಕ್ಕೆ ಹೋಗಿದೆ ಅಂದ್ರೆ ಹಬ್ಬು, ಆಕ್ಸೆಲ್ಲು, ಸಸ್ಪೆನ್ಷನ್ ಎಲ್ಲ ನಿರಪರಾಧಿಗಳು, ಕಳ್ಳ ಆ ಎರಡು ಚಕ್ರದಲ್ಲೇ ಇದಾನೆ.

"ನನ್ನ ಸೊಂಟಾ ನಡಗಾಕತ್ತೈತಿ, ಇವರಿಗೆ ಖುಷಿ ಆಗೇತಿ ನೋಡು" ಅಂದ್ರು ಅತ್ತೆ, ಮಗಳಿಗೆ.

ಚಿತ್ರದುರ್ಗದ ಗಾಳಿಯಂತ್ರಗಳು ಬಂದ್ವು, ಹೋದ್ವು. ಕೋಟೆಗೂ ಹೋಗ್ಲಿಲ್ಲ, ಸ್ಪೀಡ್ ಇಳಿಸಿ ಎಪ್ಪತ್ತರಲ್ಲೇ ದಾವಣಗೆರೆ ತನಕ ಹೋದ್ವಿ. ಹನ್ನೊಂದೂವರೆಗೆ ಬೆಣ್ಣೆ ದೋಸೆ. ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ, ದೋಸೆ ಮೇಲೆ ಬೆಣ್ಣೆ ಉಂಡೆ ಕರಗ್ತಾ ಇದೆ, ನನ್ನ ತಲೇಲಿ ಟೈರು. ಕೈ ತೊಳೆದು ಹತ್ತಿರದ ಟೈರ್ ಅಂಗಡಿಗೆ ಹೋದೆ, ಅಲ್ಲೊಬ್ರು ವಯಸ್ಸಾದೋರು, ಲುಂಗಿ, ಕಿವಿ ಮೇಲೆ ಸೀಮೆಸುಣ್ಣ. ಎಲ್ಲ ಕೇಳಿಸ್ಕೊಂಡ್ರು. ಬ್ಯಾಲೆನ್ಸಿಂಗ್ ಮಿಷನ್ ಕಡೆ ತಿರುಗಿ ಸಹ ನೋಡ್ಲಿಲ್ಲ. ಹಿಂದಿನ ಎಡಗಡೆ ಜಾಕಿ ಕೊಟ್ಟು ಎತ್ತಿದ್ರು, ಒಂದು ಸ್ಟೂಲಿನ ಮೇಲೆ ಮುಷ್ಟಿ ಊರಿ ಸೀಮೆಸುಣ್ಣದ ತುದಿನ ಟೈರಿಗೆ ಇನ್ನೇನು ತಾಗಬೇಕು ಅನ್ನೋ ಹಾಗೆ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ಮೆಲ್ಲಗೆ ತಿರುಗಿಸಿದ್ರು. ಸಂದು ಸಮ, ಸಮ, ಸಮ, ಆಮೇಲೆ ಸರ್ ಅಂತ ಸುಣ್ಣ ಗೀಚ್ತು. ಮತ್ತೆ ಒಂದು ಸುತ್ತು, ಅದೇ ಜಾಗದಲ್ಲಿ ಸರ್. ನಾಲ್ಕು ಬೆರಳಗಲ ಬಿಳಿ ಗೆರೆ.

"ಕೈ ಇಡ್ರಿ ಇಲ್ಲಿ."

ಇಟ್ಟೆ. ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಗುಂಡಿ (ಟೈರ್ ಮೇಲಿನ ರಬ್ಬರ್ ಕಚ್ಚು) ನೂರಕ್ಕೆ ನೂರು ಉಳಿದಿರೋ ಥರನೇ ಇದೆ, ಅಂಗೈಗೆ ಮಾತ್ರ ಒಂದು ಸಣ್ಣ ದಿಬ್ಬ ಸಿಕ್ತು, ಒತ್ತಿದ್ರೆ ಸುತ್ತಲಿನ ರಬ್ಬರಿಗಿಂತ ಒಂಚೂರು ಮೆತ್ತಗೆ. ಒಳಗೆ ಉಕ್ಕಿನ ತಂತಿ ಪದರ ಇರುತ್ತಲ್ಲ, ಅದು ರಬ್ಬರಿಂದ ಬಿಟ್ಕೊಂಡಿದೆ ಅಂದ್ರು. ರಿಮ್ ಅಂಚಿಗೂ ಹಾಗೇ ಸುಣ್ಣ ಹಿಡಿದು ತಿರುಗಿಸಿದ್ರು, ಅದು ಸರಿಯಾಗೇ ಇತ್ತು.

ಮತ್ತೆ ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದ್ನಲ್ಲ? ಅವರು ನಗ್ತಾ ಚಕ್ರ ಬಿಚ್ಚಿ ಮಿಷನ್ನಿಗೆ ಹಾಕಿ ತಿರುಗಿಸಿದ್ರು, ಸೊನ್ನೆ ಸೊನ್ನೆ ಬಂತು. "ಮಿಷನ್ನು ತೂಕ ನೋಡತೈತ್ರಿ, ದುಂಡಗೆ ಐತೋ ಇಲ್ಲೋ ನೋಡಂಗಿಲ್ಲ. ಕುಂಬಳಕಾಯಿ ಹಾಕಿ ಸೀಸ ಹೊಡದ್ರೂ ಸೊನ್ನೆ ತೋರಿಸ್ತೈತಿ." ತೂಕ ಎಲ್ಲಾ ಕಡೆ ಸಮ ಇದ್ರೂ ದಿಬ್ಬ ನೆಲಕ್ಕೆ ಬಡಿದಾಗೆಲ್ಲ ಚಕ್ರ ಮೇಲಕ್ಕೆ ಎಗರಲೇಬೇಕು, ಸೆಕೆಂಡಿಗೆ ಹದಿಮೂರು ಸಲ. ಮಿಷನ್ ಮೇಲೆ ಟೈರು ಗಾಳೀಲಿ ತಿರುಗುತ್ತೆ, ನೆಲ ಮುಟ್ಟೋದೇ ಇಲ್ಲ. (ರೋಲರ್ ಒತ್ತಿ ನೋಡೋ ಮಿಷನ್ ಕೂಡ ಬರುತ್ತೆ, ನಾನು ಹೋದ ಅಂಗಡಿಗಳಲ್ಲಿ ಇರಲಿಲ್ಲ.) ಹಳೇ ಅಂಗಡಿಯೋರದ್ದು ಮೋಸ ಅಂತ ಇಷ್ಟು ದಿನ ಬೈಕೊಂಡಿದ್ದೆ, ಪಾಪ ಅವರ ಮಿಷನ್ ಸುಳ್ಳು ಹೇಳಿರಲಿಲ್ಲ.

ಟೈರ್ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ತೋರಿಸಿದ್ರು, 3417. ಅಂದ್ರೆ 2017ರ ಮೂವತ್ತನಾಲ್ಕನೇ ವಾರ ತಯಾರಾಗಿದ್ದು, ಕಾರ್ ಜೊತೆಗೇ ಬಂದಿದ್ದು. ನಾನು ಗುಂಡಿ ನೋಡ್ಕೊಂಡು ಇನ್ನೂ ಚೆನ್ನಾಗಿದೆ ಅಂತ ಓಡಿಸ್ತಿದ್ದೆ. ಇದನ್ನ ಹೀಗೇ ಬಿಸಿಲಲ್ಲಿ ಜೋರಾಗಿ ಓಡಿಸಿದ್ರೆ ಪದರ ಪೂರ್ತಿ ಕಿತ್ತು ಬರುತ್ತೆ ಅಂದ್ರು, ಆವಾಗ ನನಗೆ ಬೆವರು. ಬೆಳಿಗ್ಗೆಯಿಂದ ಅದೇ ಟೈರಲ್ಲಿ 95ರ ಪ್ರಯೋಗ ಮಾಡಿದೀನಿ, ಅತ್ತೆನ ಹಿಂದೆ ಕೂರಿಸ್ಕೊಂಡು. ಇದನ್ನ ಇವಳಿಗೆ ಇನ್ನೂ ಹೇಳಿಲ್ಲ. ಓದಿದಾಗ ಗೊತ್ತಾಗುತ್ತೆ.

ಎರಡು ಹೊಸ ಟೈರು, ವಾಲ್ವು, ಬ್ಯಾಲೆನ್ಸಿಂಗ್ ಎಲ್ಲ ಸೇರಿ ಒಂಬತ್ತು ಸಾವಿರದ ಚಿಲ್ಲರೆ. ಅದೇ ವಯಸ್ಸಿನ ಇನ್ನೆರಡನ್ನ ಮುಂದಿನ ತಿಂಗಳು ಅಂತ ಮಾತಾಯ್ತು. ಹೊಸದು ಮುಂದಕ್ಕೆ ಹಾಕಿ ಅಂದೆ, ಅವರು ಒಪ್ಪಲಿಲ್ಲ, ಮಳೇಲಿ ಹಿಂದಿನದು ಜಾರಿದ್ರೆ ಗಾಡಿ ತಿರುಗಿ ನಿಲ್ಲುತ್ತೆ, ಮುಂದಿನದು ಜಾರಿದ್ರೆ ನಿಮಗೆ ಸ್ಟೀರಿಂಗಲ್ಲೇ ಗೊತ್ತಾಗುತ್ತೆ ಅಂತ ಹಿಂದಕ್ಕೇ ಹಾಕಿದ್ರು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಉಲ್ಟಾ ಹೇಳ್ತಾರೆ, ಆದ್ರೆ ಇವರು ಹೇಳಿದ್ದೇ ಸರಿ. ಕೆಟ್ಟ ಟೈರನ್ನ ನಾನು ಬಿಡಲಿಲ್ಲ, ಬೆಂಗಳೂರಿನ ಅಂಗಡಿಯೋರಿಗೆ ತೋರಿಸ್ಲೇಬೇಕು ಅಂತ ಡಿಕ್ಕಿಗೆ ತುರುಕಿದೆ. ಕುಕ್ಕರು ಅತ್ತೆ ಪಕ್ಕದ ಸೀಟಿಗೆ ಬಂತು.

ಹರಿಹರದ ಹತ್ರ ತುಂಗಭದ್ರೆ ದಾಟಿ ರಾಣೆಬೆನ್ನೂರು, ಹಾವೇರಿ. 95, ಗಿಡ ಅಲ್ಲಾಡ್ತಿಲ್ಲ. 100, ಅಲ್ಲಾಡ್ತಿಲ್ಲ. ಇವಳು ನೋಟ್ಸ್ ಬರೆಯೋದು ಬಿಟ್ಟು ನಿದ್ದೆ ಹೋದ್ಲು, ಅತ್ತೆ ಬಾಯಿ ತೆರೆದು ನಿದ್ದೆ ಹೋದ್ರು, ನಾನೊಬ್ನೇ ಆಗಾಗ ಕನ್ನಡೀಲಿ ಮಲ್ಲಿಗೆ ಎಲೆ ನೋಡ್ತಾ ಬಂಕಾಪುರ, ಶಿಗ್ಗಾಂವಿ ಹೇಗೆ ದಾಟಿದ್ನೋ ಗೊತ್ತಾಗ್ಲಿಲ್ಲ.

ಧಾರವಾಡದಲ್ಲಿ ಮನೆ ಮುಂದೆ ಡಿಕ್ಕಿ ತೆಗೆದ್ರೆ ಅತ್ತೆ ಮೊದ್ಲು ಕೈ ಹಾಕಿದ್ದು ಟೈರಿಗೆ.

"ಇದನ್ಯಾಕ ಹೊತ್ಕೊಂಡು ಹೊಕ್ಕೀರಿ ಅಳಿಯಂದ್ರ, ಇಲ್ಲೇ ಬಿಡ್ರಿ. ಹಿತ್ತಲದಾಗ ಗಿಡದ ಸುತ್ತ ಪಾತಿಗೆ ಛಲೋ ಆಕ್ಕೈತಿ."

ಅದು ಸಾಕ್ಷಿ ಅತ್ತೆ, ಬೆಂಗಳೂರಲ್ಲಿ ತೋರಿಸ್ಬೇಕು ಅಂತ ಹೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅವರು ಅದನ್ನ ಉರುಳಿಸ್ಕೊಂಡು ಹಿತ್ತಲಿಗೆ ಹೊರಟಾಗಿತ್ತು. ಕಲ್ಲು ಹಾಸಿನ ಮೇಲೆ ಆ ದಿಬ್ಬ ಬಂದಾಗೆಲ್ಲ ಟೈರು ಸಣ್ಣಗೆ ಸೊಟ್ಟ ಹೊಡೀತಿತ್ತು.